ಮೂಲದಲ್ಲೇ ಪುಣ್ಯ ಕಡಿತ

ಸಂಬಳಕ್ಕೆ ಟಿಡಿಎಸ್ ಇರುವ ಹಾಗೆ ತೀರ್ಥಯಾತ್ರೆಯ ಪುಣ್ಯಕ್ಕೂ ಇದೆ. ದರಪಟ್ಟಿ ಪುರಾಣಕಾಲದಲ್ಲೇ ನಿಗದಿಯಾದದ್ದು, ಯಾವ ಬಜೆಟ್ಟೂ ಅದನ್ನು ಮುಟ್ಟಿಲ್ಲ. ವಾಹನದಲ್ಲಿ ಹೋದರೆ ಅರ್ಧ ಫಲ ಹೋಯಿತು. ಕೊಡೆ ಹಿಡಿದು ಚಪ್ಪಲಿ ಮೆಟ್ಟಿ ಹೋದರೆ ಅದರ ಅರ್ಧ, ಅಂದರೆ ಕಾಲುಭಾಗ. ಹೋದಲ್ಲಿ ವ್ಯಾಪಾರ ಮಾಡಿದರೆ ಮುಕ್ಕಾಲು. ದಾನಕ್ಕೆ ಕೈಯೊಡ್ಡಿದರೆ ಪೂರ್ತಿ ಸೊನ್ನೆ. ಇಷ್ಟನ್ನೂ ಒಂದೇ ಶ್ಲೋಕದಲ್ಲಿ ಹೇಳಿ ಮುಗಿಸಿದ್ದಾರೆ. ಹಿರಿಯ ನಾಗರಿಕರಿಗೆ ರಿಯಾಯಿತಿ ಇಲ್ಲ, ಮೇಲ್ಮನವಿಗೆ ಅವಕಾಶ ಇಲ್ಲ.

2025ರ ಪ್ರಯಾಗರಾಜ್ ಮಹಾಕುಂಭಕ್ಕೆ ಹೋಗಿಬಂದ ಬೆಂಗಳೂರಿನ ಒಬ್ಬ ಭಕ್ತರ ಖಾತೆ ತೆರೆದು ನೋಡೋಣ. ವಿಮಾನಕ್ಕೆ ಅರ್ಧ ಕಡಿತ. ಸ್ಪೋರ್ಟ್ಸ್ ಶೂಗೆ ಕಾಲು. ಸೊಂಟಮಟ್ಟದ ನೀರಿನಲ್ಲಿ ನಿಂತು, ಯಾವುದೋ ಪ್ರೋಟೀನ್ ಪುಡಿಯ ಹೆಸರು ಹೇಳಿ ಮಾಡಿದ ರೀಲ್ಸಿಗೆ ಮುಕ್ಕಾಲು. ಗಳಿಕೆ ಒಂದು, ಕಡಿತ ಒಂದೂವರೆ. ಪಾಪ ಕಳೆಯಲು ಹೋದವರು ಅರ್ಧ ಪುಣ್ಯ ಸಾಲ ಹೊತ್ತುಕೊಂಡು ದೇವನಹಳ್ಳಿಯಲ್ಲಿ ಇಳಿದಿದ್ದಾರೆ. ಇದನ್ನು ಕಂತಿನಲ್ಲಿ ತೀರಿಸಬಹುದೇ ಎಂದು ಮನೆಯ ಪುರೋಹಿತರನ್ನು ಕೇಳಿದರೆ ಅವರು ದಕ್ಷಿಣೆಯ ವಿಚಾರ ಎತ್ತುತ್ತಾರೆ.

ರಸ್ತೆಯಲ್ಲಿ ಹೋದವರ ಸ್ಥಿತಿ ಶಾಸ್ತ್ರದ ಲೆಕ್ಕದಲ್ಲಿ ಸ್ವಲ್ಪ ವಾಸಿ. ಸಿರಿವಂತಿಕೆಯ ಮೋಹದಿಂದ ವಾಹನವೇರಿ ಪ್ರಯಾಗಕ್ಕೆ ಹೋದವನ ಯಾತ್ರೆ ನಿಷ್ಫಲ ಎಂದು ಮತ್ಸ್ಯಪುರಾಣದ ಪ್ರಯಾಗ ಮಾಹಾತ್ಮ್ಯ ಹೇಳುತ್ತದೆ. ಫೆಬ್ರುವರಿ ಎರಡನೇ ವಾರ ಜಬಲ್ಪುರ, ಕಟ್ನಿ, ರೀವಾ ದಾರಿಯಲ್ಲಿ ಕಾರುಗಳು ನೂರಾರು ಕಿಲೋಮೀಟರ್ ಸಾಲುಗಟ್ಟಿ ನಿಂತವಲ್ಲ, ಅದನ್ನು ಸಂಚಾರ ಅವ್ಯವಸ್ಥೆ ಎಂದವರು ಅಜ್ಞಾನಿಗಳು. ಅದು ಮತ್ಸ್ಯಪುರಾಣದ ಅನುಷ್ಠಾನ. ಊರಾಚೆಯ ಪಾರ್ಕಿಂಗಿನಲ್ಲಿ ಗಾಡಿ ತಡೆದು, ತಲೆಯ ಮೇಲೆ ಗಂಟು ಹೊರಿಸಿ, ಹತ್ತು ಹದಿನೈದು ಕಿಲೋಮೀಟರ್ ನಡೆಸಿದ ಪೊಲೀಸರಷ್ಟು ನಿಷ್ಠಾವಂತ ಧರ್ಮಶಾಸ್ತ್ರಜ್ಞರು ಮೇಳದಲ್ಲಿ ಮತ್ತೊಬ್ಬರಿರಲಿಲ್ಲ. ಅದೇ ಫೆಬ್ರುವರಿ 10ರಿಂದ 12ರವರೆಗೆ ನಮ್ಮ ತಿ. ನರಸೀಪುರದಲ್ಲೂ ಕುಂಭಮೇಳ ಇತ್ತು. ಕಾವೇರಿ ಇದೆ, ಕಪಿಲೆ ಇದೆ, ಕಣ್ಣಿಗೆ ಕಾಣದ ಮೂರನೆಯದಕ್ಕೆ ಸ್ಫಟಿಕ ಸರೋವರವೂ ಇದೆ. ಮೈಸೂರಿನಿಂದ ಮೂವತ್ತು ಕಿಲೋಮೀಟರ್ ಆಸುಪಾಸು. ಬೆಳಗಿನ ಜಾವ ಬರಿಗಾಲಲ್ಲಿ ಹೊರಟರೆ ಕಡಿತವೇ ಇಲ್ಲದೆ ಸಂಜೆಯೊಳಗೆ ತಲುಪಬಹುದಿತ್ತು. ಆದರೆ ಅಲ್ಲಿಂದ ಸ್ಟೇಟಸ್ ಹಾಕಿದರೆ ಯಾರು ನೋಡುತ್ತಾರೆ?

ಹೋಗಲಾರದವರಿಗೆ ಡಿಜಿಟಲ್ ಸ್ನಾನ ಬಂತು. ವಾಟ್ಸಾಪಿನಲ್ಲಿ ಫೋಟೋ ಕಳಿಸಿ, 1,100 ರೂಪಾಯಿ ಹಾಕಿ. ನಿಮ್ಮ ಚಿತ್ರ ಮುದ್ರಿಸಿ ಸಂಗಮದಲ್ಲಿ ಅದ್ದುತ್ತಾರೆ. ನಕ್ಕುಬಿಡಬೇಡಿ, ಬದಲಿ ಸ್ನಾನಕ್ಕೆ ಸ್ಮೃತಿಯ ಆಧಾರ ಇದೆ. ತಂದೆ, ತಾಯಿ, ಸೋದರ, ಗೆಳೆಯ, ಗುರು ಯಾರನ್ನು ನೆನೆದು ಮುಳುಗುತ್ತೀರೋ ಅವರಿಗೆ ಎಂಟನೇ ಒಂದು ಭಾಗ ಸಲ್ಲುತ್ತದೆ. ದರ್ಭೆಯಲ್ಲಿ ಬೊಂಬೆ ಮಾಡಿ ಮುಳುಗಿಸುವ ಪದ್ಧತಿಯೂ ಉಂಟು. ಹಾಗಾಗಿ ಪೂರ್ತಿ ಪುಣ್ಯ ಬೇಕೆಂದರೆ ಎಂಟು ಫೋಟೋ ಅದ್ದಿಸಬೇಕು, 8,800 ರೂಪಾಯಿ. ಇಷ್ಟು ಹೇಳುವ ಪ್ರಾಮಾಣಿಕತೆ ಜಾಹೀರಾತಿನಲ್ಲಿ ಇರಲಿಲ್ಲ. ಇಂಕ್‌ಜೆಟ್ ಪ್ರಿಂಟಾದರೆ ಇನ್ನೊಂದು ತೊಂದರೆ: ಮೂರನೇ ಮುಳುಗಿಗೆ ಪಾಪದ ಜೊತೆ ಮುಖವೂ ತೊಳೆದುಹೋಗುತ್ತದೆ. ವಿಡಿಯೋ ಕಾಲಿನಲ್ಲಿದ್ದ ಗಂಡನಿಗೆ ಪುಣ್ಯ ಸಿಗಲೆಂದು ಫೋನನ್ನೇ ನೀರಿಗೆ ಅದ್ದಿದ ಮಹಿಳೆಯ ವಿಡಿಯೋ ಓಡಾಡಿತಲ್ಲ, ಅದರಲ್ಲಿ ಭಕ್ತಿಗೆ ಕೊರತೆ ಇಲ್ಲ. ಫೋನ್ ಕಂಪನಿಗಳು ನೀರು ತಾಳುವ ಪರೀಕ್ಷೆ ಮಾಡುವುದು ಶುದ್ಧ ನೀರಿನಲ್ಲಿ. ಮರಳು, ಹಾಲು, ಚೆಂಡುಹೂ ಕಲಸಿದ ನೀರಿನಲ್ಲಲ್ಲ. ಗಂಡನ ಪಾಪದ ವಿಷಯ ಚಿತ್ರಗುಪ್ತನಿಗೆ ಬಿಟ್ಟದ್ದು, ಸ್ಪೀಕರ್ ಮಾತ್ರ ವಾರಂಟಿಯಲ್ಲಿ ಬರುವುದಿಲ್ಲ.

ಬೇರೆ ಕೆಲಸಕ್ಕೆ ಹೋದಾಗ ಹಾಗೇ ತೀರ್ಥಸ್ನಾನ ಮಾಡಿದರೆ ಅರ್ಧ ಫಲ ಎಂದೂ ಒಂದು ನಿಯಮ ಇದೆ. ಉತ್ತರ ಪ್ರದೇಶದ ಸಚಿವ ಸಂಪುಟ ಜನವರಿ 22ರಂದು ಮೇಳದ ಪ್ರದೇಶದಲ್ಲೇ ಸಭೆ ಸೇರಿ, ಕಡತ ಮುಗಿಸಿ, ಸಂಗಮಕ್ಕೆ ಇಳಿಯಿತು. ಸರ್ಕಾರಿ ಕೆಲಸದ ನಿಮಿತ್ತ ಎಂಬ ಕಾರಣಕ್ಕೆ ಅರ್ಧ, ವಾಹನದ ಬಾಬ್ತು ಅರ್ಧ. ಉಳಿದ ಸೊನ್ನೆಯನ್ನು ಇಲಾಖಾವಾರು ಹಂಚಿಕೊಳ್ಳಬಹುದು. ಕೈದಿಗಳು ಇದಕ್ಕಿಂತ ಅದೃಷ್ಟವಂತರು. ಫೆಬ್ರುವರಿ 21ರಂದು ಆ ರಾಜ್ಯದ 75 ಜೈಲುಗಳಿಗೆ ಸಂಗಮದ ನೀರು ತರಿಸಿ, ತೊಟ್ಟಿಯ ನೀರಿಗೆ ಬೆರೆಸಿ, ಸುಮಾರು 90 ಸಾವಿರ ಮಂದಿಗೆ ಸ್ನಾನ ಮಾಡಿಸಿದರು. ವಾಹನ ಹತ್ತಲಿಲ್ಲ, ಕೊಡೆ ಹಿಡಿಯಲಿಲ್ಲ, ವ್ಯಾಪಾರ ಮಾಡಲಿಲ್ಲ. ಕಡಿತಕ್ಕೆ ಒಂದೇ ಒಂದು ಕಾರಣ ಸಿಗುವುದಿಲ್ಲ. ಪಾಪ ಪೂರ್ತಿ ಮನ್ನಾ. ಶಿಕ್ಷೆ ಮಾತ್ರ ಹಾಗೇ ಇದೆ, ಅದು ಬೇರೆ ಇಲಾಖೆ.

ಮೇಳದಲ್ಲಿ ಪೂರ್ತಿ ಮೊತ್ತ ಮನೆಗೊಯ್ಯುವ ಇನ್ನೊಂದು ವರ್ಗ ಕಲ್ಪವಾಸಿಗಳದು. ಪುಷ್ಯ ಹುಣ್ಣಿಮೆಯಿಂದ ಮಾಘ ಹುಣ್ಣಿಮೆಯವರೆಗೆ ಒಂದು ತಿಂಗಳು ಮರಳಿನ ಮೇಲೆ ಬದುಕುವವರು. ಡೇರೆಯ ಬಾಗಿಲಲ್ಲಿ ಒಂದು ತುಳಸಿ ನೆಡುತ್ತಾರೆ, ಪಕ್ಕದಲ್ಲಿ ಜವೆಗೋಧಿ ಬಿತ್ತುತ್ತಾರೆ. ಒಳಗೆ ಮರಳಿನ ಮೇಲೆ ಭತ್ತದ ಹುಲ್ಲು ಹಾಸಿ, ಅದರ ಮೇಲೆ ಕಂಬಳಿ. ಮಂಚ ಇಲ್ಲ. ಹುಲ್ಲು ತೆಳ್ಳಗಾದರೆ ಮರಳಿನ ತಣುಪು ಸೊಂಟಕ್ಕೆ ಹತ್ತುತ್ತದೆ, ದಪ್ಪಗಾದರೆ ಬೆಂಕಿಯ ಭಯ. ಈ ಸಲ ಜನವರಿ 19ರಂದು 19ನೇ ಸೆಕ್ಟರಿನಲ್ಲಿ ಹುಲ್ಲು, ಬಟ್ಟೆ, ಗ್ಯಾಸ್ ಸಿಲಿಂಡರ್ ಮೂರೂ ಕೂಡಿದಾಗ ಏನಾಗುತ್ತದೆ ಎಂದು ಎಲ್ಲರೂ ನೋಡಿದರು. ದಿನಕ್ಕೆ ಮೂರು ಸ್ನಾನ, ಒಂದು ಊಟ. ಆ ಚಳಿಯಲ್ಲಿ ಬೆಳಗಿನ ಪಂಚೆ ಸಂಜೆಗೂ ಒಣಗುವುದಿಲ್ಲವಾದ್ದರಿಂದ ಮೂರು ಜೊತೆ ಬಟ್ಟೆಯಾದರೂ ಬೇಕು. ಸಂಕಲ್ಪ ಮಾಡಿದ ಕ್ಷೇತ್ರ ಬಿಟ್ಟು ಹೊರಗೆ ಹೋಗಬಾರದು, ಬೇರೆಯವರ ಅನ್ನ ತಿನ್ನಬಾರದು, ಸುಳ್ಳಾಡಬಾರದು, ಪರನಿಂದೆ ಕೂಡದು. ಹೀಗೆ 21 ನಿಯಮ. ಪಕ್ಕದ ಪೆಂಡಾಲಿನ ಧ್ವನಿವರ್ಧಕ ಬೆಳಗಿನ ಮೂರಕ್ಕೇ ಶುರುವಾದಾಗ ಎಲ್ಲಕ್ಕಿಂತ ಕಷ್ಟವಾಗುವುದು ಪರನಿಂದೆ ಬಿಡುವುದು. ಮೌನಿ ಅಮಾವಾಸ್ಯೆ ಮಾತಾಡದೆ ಇರಬೇಕಾದ ದಿನ. ಧ್ವನಿವರ್ಧಕಗಳು ಯಾವ ಸಂಕಲ್ಪವನ್ನೂ ಮಾಡಿರುವುದಿಲ್ಲ. ಹೀಗೆ ತಪ್ಪದೆ 12 ವರ್ಷ ಬಂದು, ಕೊನೆಗೆ ಶಯ್ಯಾದಾನ (ಹಾಸಿಗೆಯ ದಾನ) ಮಾಡಿ ವ್ರತದ ಉದ್ಯಾಪನೆ, ಅಂದರೆ ಮುಕ್ತಾಯ.

ಇದಕ್ಕೆ ಪರ್ಯಾಯವಾಗಿ ಎರಡು ರಾತ್ರಿ ಮೂರು ಹಗಲಿನ ಆಧ್ಯಾತ್ಮಿಕ ಅನುಭವ ಮಾರಾಟಕ್ಕಿತ್ತು. ಕಲ್ಪವಾಸಿ ನೆಲದ ಮೇಲೆ ಮಲಗಿದರೆ, ಇವರು ಹದಿನೈದು ಅಡಿಗೂ ಎತ್ತರದ ಕಂಬಗಳ ಮೇಲೆ ಕೂರಿಸಿದ ಪಾರದರ್ಶಕ ಗುಮ್ಮಟದಲ್ಲಿ. ಸ್ನಾನದ ದಿನಗಳಲ್ಲಿ ಬಾಡಿಗೆ ರಾತ್ರಿಗೆ ಲಕ್ಷ ದಾಟಿತ್ತು. ಏಕಭುಕ್ತಕ್ಕೆ ಬದಲು ಬೂಫೆ: ಸಾತ್ವಿಕ, ಈರುಳ್ಳಿ ಬೆಳ್ಳುಳ್ಳಿ ಇಲ್ಲ, ಎಷ್ಟು ಸಲ ಬೇಕಾದರೂ ತಟ್ಟೆ ತುಂಬಿಸಿಕೊಳ್ಳಿ. ಒಂದು ತಿಂಗಳ ಕಲ್ಪವಾಸದ ಫಲ ಒಂದು ಕಲ್ಪದಷ್ಟು, ಅಂದರೆ ಬ್ರಹ್ಮನ ಒಂದು ಹಗಲು, 432 ಕೋಟಿ ವರ್ಷ ಎನ್ನುತ್ತಾರೆ. ಎರಡು ರಾತ್ರಿಗೆ ದಿನದ ಲೆಕ್ಕ ಹಾಕಿದರೆ 28 ಕೋಟಿ 80 ಲಕ್ಷ ವರ್ಷ. ರಾತ್ರಿಗೆ ಲಕ್ಷದಂತೆ ಎರಡು ಲಕ್ಷ ಕೊಟ್ಟದ್ದಕ್ಕೆ ಇದು ನಷ್ಟದ ಬಾಬತ್ತೇನಲ್ಲ, ಮೇಲೆ ಜಿಎಸ್‌ಟಿ.

ಇಷ್ಟೊಂದು ಜನ ಒಟ್ಟಿಗೆ ನುಗ್ಗಿದ್ದು 144 ಎಂಬ ಅಂಕಿಯಿಂದ. 144 ವರ್ಷಕ್ಕೊಮ್ಮೆ ಬರುವ ಯೋಗ, ನಮ್ಮ ಮೊಮ್ಮಕ್ಕಳಿಗೂ ಸಿಗುವುದಿಲ್ಲ ಎಂಬ ಮಾತು ಹಳ್ಳಿ ಹಳ್ಳಿಗೂ ಮುಟ್ಟಿತು. ಇದೇ 144ರ ಮಾತು 2001ರ ಕುಂಭದಲ್ಲೂ ಇತ್ತು, 2013ರದ್ದರಲ್ಲೂ ಇತ್ತು. ನೂರನಲವತ್ತನಾಲ್ಕು ವರ್ಷಕ್ಕೊಮ್ಮೆ ಬರುವುದು ಇಪ್ಪತ್ತನಾಲ್ಕು ವರ್ಷದಲ್ಲಿ ಮೂರು ಸಲ ಬಂದಿದೆ, ನಮ್ಮ ತಲೆಮಾರಿನ ಪುಣ್ಯ. ಆದರೆ ಕುಂಭದ ಕಾಲ ನಿರ್ಧರಿಸುವ ಗುರುಗ್ರಹಕ್ಕೆ 12×12 ಎಂಬ ಈ ಗುಣಾಕಾರ ಗೊತ್ತಿಲ್ಲ. ಅವನ ಒಂದು ಸುತ್ತು 12 ವರ್ಷವಲ್ಲ, 11.86 ವರ್ಷ. ಏಳು ಸುತ್ತಿನಲ್ಲಿ ಹೆಚ್ಚುಕಡಿಮೆ ಒಂದು ರಾಶಿ ಮುಂದಾಗುತ್ತಾನೆ. ಹಾಗಾಗಿಯೇ ಹರಿದ್ವಾರದಲ್ಲಿ 2010ರ ಮುಂದಿನ ಕುಂಭ 2022ರಲ್ಲಿ ಆಗದೆ 2021ರಲ್ಲೇ ಆದದ್ದು. 144 ವರ್ಷ ಹಿಂದಕ್ಕೆ ಎಣಿಸಿದರೆ ಗುರು ಈ ಸಲ ಇದ್ದ ವೃಷಭಕ್ಕಿಂತ ಒಂದೂವರೆ ರಾಶಿಗೂ ಹೆಚ್ಚು ಹಿಂದಿರುತ್ತಾನೆ. ಅದೇ ಯೋಗ ಮರಳಿ ಬರುವ ಪ್ರಶ್ನೆಯೇ ಇಲ್ಲ. ದಾಖಲೆ ಬೇಕೆಂದರೆ, ಆ ಕಾಲದ ಪ್ರಯಾಗದ ಕುಂಭ ನಡೆದದ್ದು 1882ರಲ್ಲಿ. ಅದಕ್ಕೆ 144 ಕೂಡಿ ನೋಡಿ, 2026 ಬರುತ್ತದೆ. ಹೆಸರಿನ ಮಹಿಮೆ ಇದಕ್ಕಿಂತ ಸರಳ: 2017ರ ಡಿಸೆಂಬರಿನಲ್ಲಿ ಸರ್ಕಾರ ಅರ್ಧಕುಂಭವನ್ನು ಕುಂಭ ಎಂದೂ ಕುಂಭವನ್ನು ಮಹಾಕುಂಭ ಎಂದೂ ಬಡ್ತಿ ಕೊಟ್ಟಿತು. ಗ್ರಹಗಳಿಗೆ ಪ್ರತಿ ಕಳಿಸಿದ್ದರೋ ಇಲ್ಲವೋ.

ಎಣಿಕೆಗೆ ಎಐ ಕ್ಯಾಮೆರಾ ಇತ್ತು. 45 ದಿನದಲ್ಲಿ 66 ಕೋಟಿ ಜನ ಮಿಂದರು ಎಂದು ಸರ್ಕಾರ ಹೇಳಿತು. ದೇಶದ ಹತ್ತಿರ ಹತ್ತಿರ ಅರ್ಧ ಜನ. ನಿಮ್ಮ ಬೀದಿಯಲ್ಲಿ ಒಂದು ಮನೆ ಬಿಟ್ಟು ಒಂದು ಮನೆಗೆ ಹೋಗಿ ಗಂಗಾಜಲ ಕೇಳಿ ನೋಡಿ. ಮೌನಿ ಅಮಾವಾಸ್ಯೆ ಒಂದೇ ದಿನದ ಲೆಕ್ಕ ಏಳೂವರೆ ಕೋಟಿ ದಾಟಿತ್ತು. ಅಂದರೆ ಸೆಕೆಂಡಿಗೆ 868 ಜನ, ಇಪ್ಪತ್ತನಾಲ್ಕು ಗಂಟೆ, ಬಿಡುವಿಲ್ಲದೆ. ಘಾಟುಗಳ ಒಟ್ಟು ಉದ್ದ 12 ಕಿಲೋಮೀಟರ್. ದಡದ ಒಂದೊಂದು ಮೀಟರಿಗೆ 6,250 ಮಂದಿ. ಹತ್ತು ಸಾಲು ಆಳಕ್ಕೆ ನಿಲ್ಲಿಸಿದರೂ ಒಬ್ಬೊಬ್ಬರಿಗೆ ಎರಡು ನಿಮಿಷ ಹದಿನೆಂಟು ಸೆಕೆಂಡ್. ಅಷ್ಟರಲ್ಲಿ ಚೀಲವನ್ನು ಭಾವನ ಕೈಗೆ ಕೊಡಬೇಕು, ಬಟ್ಟೆ ತೆಗೆಯಬೇಕು, ಜಾರದಂತೆ ಇಳಿಯಬೇಕು, ಸಂಕಲ್ಪ, ಮೂರು ಮುಳುಗು, ಸೂರ್ಯನಿಗೆ ಅರ್ಘ್ಯ, ಮೇಲೆ ಬಂದು ಇಬ್ಬರು ಹಿಡಿದ ಸೀರೆಯ ಮರೆಯಲ್ಲಿ ಬಟ್ಟೆ ಬದಲು, ಭಾವನನ್ನು ಹುಡುಕುವುದು. ಭಾವ ಸಿಗದಿದ್ದರೆ 1946ರಿಂದ ನಡೆದುಬಂದಿರುವ ಕಳೆದುಹೋದವರ ಶಿಬಿರ ಇದೆ, ಅಲ್ಲಿ ಎರಡು ನಿಮಿಷದ ಲೆಕ್ಕ ನಡೆಯುವುದಿಲ್ಲ. ಕಲ್ಪವಾಸಿಗಳದ್ದು ಇನ್ನೊಂದು ಸೋಜಿಗ. ದಿನದ ಪ್ರಕಟಣೆಯಲ್ಲಿ ಅವರಿಗೆ ಹತ್ತು ಲಕ್ಷ ಎಂದು ಒಂದು ಸಾಲು. ತಿಂಗಳಿಡೀ ಅದೇ ಹತ್ತು ಲಕ್ಷ ಮುದುಕ ಮುದುಕಿಯರು ಅದೇ ಡೇರೆಯಲ್ಲಿದ್ದು, ಮೂವತ್ತು ದಿನದ ಮೊತ್ತದಲ್ಲಿ ಮೂರು ಕೋಟಿಯಾಗುತ್ತಾರೆ. ಅವರು ದಿನಕ್ಕೆ ಮೂರು ಸಲ ಮುಳುಗುವುದು ಕ್ಯಾಮೆರಾಗೆ ಗೊತ್ತಾಗದಿದ್ದದ್ದು ಪುಣ್ಯ.

ಮಿಂದವರ ಸಂಖ್ಯೆ ಮೌನಿ ಅಮಾವಾಸ್ಯೆಯ ದಿನ ಮತ್ತೆ ಮತ್ತೆ ಬರುತ್ತಲೇ ಇತ್ತು. ಆದರೆ ಅದೇ ಜನವರಿ 29ರ ರಾತ್ರಿ ಒಂದರಿಂದ ಎರಡರ ನಡುವೆ, ಬ್ರಾಹ್ಮೀ ಮುಹೂರ್ತಕ್ಕೆ ಕಾದು ಸಂಗಮದ ಮೂತಿಯ (ನದಿಗಳು ಕೂಡುವ ತುದಿಯ) ಬಳಿ ನೆಲದ ಮೇಲೆ ಮಲಗಿದ್ದವರ ಮೇಲೆ, ತಡೆಬೇಲಿ ಮುರಿದುಕೊಂಡು ಜನ ಹರಿದಿದ್ದರು. ಸತ್ತವರು 30 ಎಂದು ಅಧಿಕೃತವಾಗಿ ತಿಳಿಯಲು ಸಂಜೆಯಾಯಿತು. ಬೆಳಗಾವಿಯಿಂದ ಹೋದ ನಾಲ್ವರು ಅದರಲ್ಲಿದ್ದರು. ಕೋಟಿ ಎಣಿಸುವ ಯಂತ್ರಕ್ಕೆ ಮೂವತ್ತು ಬಲು ಸಣ್ಣ ಸಂಖ್ಯೆ.

ನೀರಿನ ವಿಷಯ ಬೇಗ ಮುಗಿಸೋಣ. ನೂರು ಮಿಲಿಲೀಟರಿನಲ್ಲಿ ಮಲದ ಕೋಲಿಫಾರ್ಮ್ ಬ್ಯಾಕ್ಟೀರಿಯಾ 2,500 ಮೀರಿದರೆ ಸ್ನಾನಕ್ಕೆ ಯೋಗ್ಯವಲ್ಲ. ಮಿತಿ ಮೀರಿದೆ ಎಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಹಸಿರು ನ್ಯಾಯಮಂಡಳಿಗೆ ವರದಿ ಕೊಟ್ಟಿತು; ಆಚಮನಕ್ಕೂ ಯೋಗ್ಯ ಎಂದು ವಿಧಾನಸಭೆಯಲ್ಲಿ ಮುಖ್ಯಮಂತ್ರಿ ಹೇಳಿದರು. ಆಮೇಲೆ ಮಂಡಳಿಯೇ ಬೇರೆ ಬೇರೆ ದಿನಗಳ ಅಂಕಿಗಳ ಮಧ್ಯಾಂಕ (ಸಾಲಾಗಿ ಜೋಡಿಸಿದಾಗ ನಡುವೆ ಬರುವ ಅಂಕಿ) ತೆಗೆದು ಯೋಗ್ಯ ಎಂದಿತು. ಭಕ್ತರು ಇಳಿಯುವುದು ಗುರುವಾರವೋ ಶುಕ್ರವಾರವೋ. ಮಧ್ಯಾಂಕದ ದಿನ ಇಳಿದವರು ಯಾರೂ ಇಲ್ಲ. ಶಾಸ್ತ್ರದ ಮಾನದಂಡ ಪ್ರಯೋಗಾಲಯದ್ದಕ್ಕಿಂತ ಕಟ್ಟುನಿಟ್ಟು. ಗಂಗೆಯಲ್ಲಿ ಮಾಡಬಾರದ ಕೆಲಸ 14. ಬಾಯಿ ಮುಕ್ಕಳಿಸುವುದು, ಮೈ ತಿಕ್ಕುವುದು, ನಿರ್ಮಾಲ್ಯ ಎಸೆಯುವುದು, ಉಟ್ಟದ್ದನ್ನು ಅಲ್ಲೇ ಬಿಡುವುದು, ನೀರಾಟ, ದಾನ ಸ್ವೀಕಾರ ಎಲ್ಲ ನಿಷಿದ್ಧ. ಬೇರೆ ತೀರ್ಥವನ್ನು ಹೊಗಳುವುದೂ ಆ ಪಟ್ಟಿಯಲ್ಲಿದೆ, ಆದ್ದರಿಂದ ನರಸೀಪುರದ ಮಾತನ್ನು ಘಾಟಿನಲ್ಲಿ ಎತ್ತಬೇಡಿ. ಹದಿನಾಲ್ಕರಲ್ಲಿ ಎಷ್ಟು ಉಳಿದಿವೆ ಎಂದು ನೋಡಲು ಸ್ನಾನದ ಮರುದಿನ ದಡದಲ್ಲಿ ಬಿದ್ದ ಒದ್ದೆ ಬಟ್ಟೆಯ ರಾಶಿ ಸಾಕು.

ಮಾಘ ಹುಣ್ಣಿಮೆಯ ಸ್ನಾನ ಮುಗಿಸಿ ಕಲ್ಪವಾಸಿಗಳು ಬಾಗಿಲಲ್ಲಿ ಮೊಳೆತ ಜವೆಯನ್ನು ಕಟ್ಟಿಕೊಂಡು ಹೊರಟರು. ಮಳೆಗಾಲದಲ್ಲಿ ಆ 25 ಸೆಕ್ಟರುಗಳ ಬಹುಪಾಲು ನೆಲ ಮತ್ತೆ ನದಿಯದೇ. 2037ಕ್ಕೆ ಪ್ರಯಾಗದಲ್ಲಿ ಮುಂದಿನ ಮಹಾಕುಂಭ. 144 ವರ್ಷಕ್ಕೊಮ್ಮೆ ಬರುವ ಈ ಅವಕಾಶ ಈ ಸಲ ತಪ್ಪಿಸಿಕೊಂಡವರು ಈಗಲೇ ತಯಾರಿ ಶುರು ಮಾಡಿ. ಚಪ್ಪಲಿ ಮನೆಯಲ್ಲೇ ಬಿಡಿ, ಕಾಲುಭಾಗ ಉಳಿಯುತ್ತದೆ.