ಲಿಂಬೆಹಣ್ಣಿಗೆ ಉಗುರು ಚುಚ್ಚಬೇಡಿ

ಇವತ್ತು ವಿಜಯಪುರದ ಸಂತೆಯಲ್ಲಿ ಒಬ್ಬರು ನನ್ನ ಲಿಂಬೆ ರಾಶಿಯನ್ನೆಲ್ಲ ಕೆದಕಿ, ಹಣ್ಣಿಗೆ ಉಗುರು ಚುಚ್ಚಿ ಮೂಸಿ, ಒಂದನ್ನೂ ಕೊಳ್ಳದೆ ಹೋದರು. ಸಾಕಾಗಿ ಹೋಗಿದೆ! ಗಾಯವಾದ ಹಣ್ಣನ್ನು ಆಮೇಲೆ ಯಾರು ಮುಟ್ಟುತ್ತಾರೆ?

ಮೇಲಿಂದ "ಮಳೆಗಾಲದಲ್ಲಿ ಇಷ್ಟು ತುಟ್ಟಿ ಇರಲಿಲ್ಲ, ಈಗ್ಯಾಕೆ ಜಾಸ್ತಿ?" ಅಂತ ಜಗಳ. ಬೇಸಿಗೆಗೆ ಲಿಂಬೆ ಸುಮ್ನೆ ಬರುತ್ತಾ? ಸೆಪ್ಟೆಂಬರ್‌ನಲ್ಲಿ ನೀರು ನಿಲ್ಲಿಸಿ ಗಿಡ ಬಾಡಿಸಬೇಕು. ಆಮೇಲೆ ಮತ್ತೆ ನೀರು ಬಿಟ್ಟು ಅಕ್ಟೋಬರ್‌ನಲ್ಲಿ ಹೂ ಹಿಡಿಸಬೇಕು. ಏಪ್ರಿಲ್‌ವರೆಗೂ ಬೋರ್‌ವೆಲ್ ನೀರು ಉಣಿಸಬೇಕು. ಕರೆಂಟು ರಾತ್ರಿ ಬಂದರೆ ರಾತ್ರಿಯೇ ಏಳಬೇಕು. ಕೀಳುವಾಗ ಮುಳ್ಳು ಕೈಯೆಲ್ಲ ಗೀರುತ್ತದೆ.

ನಮ್ಮ ಜಿಲ್ಲೆಯ ಇಂಡಿ ಲಿಂಬೆಗೆ ಜಿಐ ಟ್ಯಾಗ್ (ಇದು ಆ ಊರಿನದೇ ವಿಶೇಷ ಬೆಳೆ ಅನ್ನೋ ಸರ್ಕಾರಿ ಗುರುತು) ಬಂತು ಅಂದಾಗ ಎಲ್ಲರಿಗೂ ಹೆಮ್ಮೆ. ಕೊಳ್ಳುವಾಗ ಮಾತ್ರ "ಮೇಲೆರಡು ಹಾಕವ್ವಾ, ಕೊತ್ತಂಬರಿ ಪುಕ್ಕಟೆ ಕೊಡು!" ಅಂಗಡಿಯ ಬಾಟಲಿ ಜ್ಯೂಸಿಗೆ ಹೀಗೆ ಕೇಳ್ತೀರಾ?