ನೀವು ಮಿಲಿಟ್ರಿಯವರಲ್ವಾ!

ಮೊನ್ನೆ ರಾತ್ರಿ ಹತ್ತು ಗಂಟೆಗೆ ಬಾಗಿಲು ಬಡಿದರು. ಪಾರ್ಕಿನ ಹಿಂದೆ ಚಿರತೆಯಂತೆ. ‘ನೀವು ಮಿಲಿಟ್ರಿಯವರಲ್ವಾ ಅಂಕಲ್, ಸ್ವಲ್ಪ ನೋಡ್ಬಿಡಿ’ ಅಂತ ಕೈಗೆ ಟಾರ್ಚ್ ತುರುಕಿದರು. ಸೈನ್ಯದಲ್ಲಿ ನಾನು ಎಣಿಸಿದ್ದು ಕಂಬಳಿ, ಬೂಟು, ತಗಡಿನ ಮಗ್ಗು. ಇದನ್ನು ಹೇಳಿದರೆ ಯಾರೂ ನಂಬುವುದಿಲ್ಲ. ಮಂಡಿನೋವು ಅಂದರೆ ನಗುತ್ತಾರೆ.

ಟಾರ್ಚ್ ಹಿಡಿದು ಹೊರಟಾಗ ಫ್ರಾಂಸ್ವಾ ಅಂತ್ವಾನ್ ನೆನಪಾದ. ಹಳೇ ಕಾಲದ ಫ್ರಾನ್ಸಿನವನು, ಅವನ ಕಥೆ ಕೇಳಿ.

1764ರಿಂದ ದಕ್ಷಿಣ ಫ್ರಾನ್ಸಿನ ಜೆವೋದಾನ್ ಬೆಟ್ಟಗಳಲ್ಲಿ ಒಂದು ಮೃಗ ದನ ಕಾಯುವ ಹೆಂಗಸರನ್ನು, ಮಕ್ಕಳನ್ನು ಕೊಲ್ಲುತ್ತಿತ್ತು. ತೋಳ ಅಂದರು, ದೇವರ ಶಾಪ ಅಂದರು. ಕುದುರೆ ಸೈನಿಕರು ಬಂದು ಸೋತರು. ನಾರ್ಮಂಡಿಯ ಹೆಸರಾಂತ ತೋಳ ಬೇಟೆಗಾರನೂ ಸೋತ. 1765ರ ಜೂನ್‌ನಲ್ಲಿ ದೊರೆ ಹದಿನೈದನೇ ಲೂಯಿ ತನ್ನ ಕೋವಿ ನೋಡಿಕೊಳ್ಳುತ್ತಿದ್ದ ಅಂತ್ವಾನನನ್ನೇ ಅಟ್ಟಿದ. ಎದೆಯ ಮೇಲೆ ಸೈನಿಕರಿಗೆ ಕೊಡುವ ಸೇಂಟ್ ಲೂಯಿ ಪದಕ, ವಯಸ್ಸು ಎಪ್ಪತ್ತರ ಹತ್ತಿರ. ಮಂಡಿ ಹೇಗಿದೆ ಅಂತ ಒಬ್ಬರೂ ಕೇಳಿರಲಿಕ್ಕಿಲ್ಲ.

ಆಗಸ್ಟ್‌ನಲ್ಲಿ ಅವನ ಕಡೆಯವರು ಕುದುರೆಯ ಮೇಲೆ ಹೋಗುತ್ತಿದ್ದಾಗ ಎದುರಿಗೆ ಊರಿನ ಜಾನ್ ಶಾಸ್ತೆಲ್ ಮತ್ತು ಅವನ ಮಕ್ಕಳು. ‘ಮುಂದೆ ನೆಲ ಗಟ್ಟಿ ಇದೆಯಾ?’ ‘ಓಹೋ, ಧಾರಾಳವಾಗಿ ಹೋಗಿ.’ ನಾಲ್ಕು ಹೆಜ್ಜೆಗೆ ಕುದುರೆ ಕೆಸರಲ್ಲಿ ಹೂತುಕೊಂಡಿತು. ಅಪ್ಪ ಮಕ್ಕಳು ಹೊಟ್ಟೆ ಹಿಡಿದು ನಕ್ಕರು. ಹಿಡಿಯಲು ಹೋದರೆ ಬಂದೂಕನ್ನೇ ತಿರುಗಿಸಿದರು! ಅಂತ್ವಾನ್ ಮೂವರನ್ನೂ ಸೋಗ್ ಊರಿನ ಜೈಲಿಗೆ ಹಾಕಿಸಿದ. ಸರಿಯಾಗೇ ಮಾಡಿದ. ನಮ್ಮ ಲೇಔಟಿನಲ್ಲಿ ನನಗೆ ಆ ಅಧಿಕಾರ ಇದ್ದಿದ್ದರೆ ಮೊದಲು ಒಳಗೆ ಹೋಗುತ್ತಿದ್ದವರು ಬಾಲ್ಕನಿಯಲ್ಲಿ ನಿಂತು ‘ಅಂಕಲ್, ಎಡಕ್ಕೆ, ಎಡಕ್ಕೆ’ ಅಂತ ಮೊಬೈಲ್ ಹಿಡಿದು ಕೂಗುತ್ತಿದ್ದವರು.

ಸೆಪ್ಟೆಂಬರ್‌ನಲ್ಲಿ ಅಂತ್ವಾನ್ ಒಂದು ಭಾರೀ ತೋಳ ಹೊಡೆದ. ಅದು ವರ್ಸಾಯ್ ಅರಮನೆಗೆ ಹೋಯಿತು. ದೊರೆ ಇನಾಮು ಕೊಟ್ಟ, ವಿಷಯ ಮುಗಿಯಿತು ಅಂದ. ಡಿಸೆಂಬರ್‌ನಲ್ಲಿ ಮತ್ತೆ ಸಾವು ಶುರು. ಅರಮನೆ ಕಿವಿಗೆ ಹಾಕಿಕೊಳ್ಳಲಿಲ್ಲ. ಕೊನೆಗೆ 1767ರ ಜೂನ್ 19ರಂದು ಇನ್ನೊಂದು ಮೃಗ ಬಿತ್ತು, ಸಾವೂ ನಿಂತಿತು. ಹೊಡೆದವನು ಯಾರು? ಅದೇ ಕೆಸರಿನ ಶಾಸ್ತೆಲ್!

ಪಾರ್ಕಿನ ಹಿಂದೆ ನನಗೆ ಸಿಕ್ಕಿದ್ದು ಮೀನಿನ ಮುಳ್ಳು ನೆಕ್ಕುತ್ತಿದ್ದ ಕಂದು ಬೆಕ್ಕು. ‘ಓಡಿಸಿದೆ’ ಅಂದೆ. ಚಪ್ಪಾಳೆ ಹೊಡೆದರು.

ನಿನ್ನೆ ರಾತ್ರಿ ಮತ್ತೆ ಬಾಗಿಲು ಬಡಿದರು. ಟೀವಿ ಆರಿಸಿ, ಕತ್ತಲಲ್ಲಿ ಮಂಡಿಗೆ ಎಣ್ಣೆ ತಿಕ್ಕುತ್ತಾ ಸುಮ್ನೆ ಕೂತೆ.