ಉಪಸಂಸ್ಕೃತಿ: ಅರ್ಜೆಂಟೀನಾ

ನಮ್ಮೂರಿನ ಹುಡುಗರು ಯಾವ ಬಗೆಯವರು ಎಂದು ಪತ್ತೆ ಮಾಡಲು ಒಂದು ಸಭೆ ನಡೆಯಿತು. ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಒಂದು ಜಂಕ್ಷನ್‌ನಲ್ಲಿ, ವಾಚನಾಲಯದ ಮಹಡಿಯಲ್ಲಿ. ಬಂದವರಲ್ಲಿ ನಾನೇ ಅತಿ ಕಿರಿಯ. ನನಗೆ 52.

ಫ್ಲೆಕ್ಸಿನಲ್ಲಿ ‘ಗಡಿನಾಡಿನ ಯುವ ಉಪಸಂಸ್ಕೃತಿಗಳು: ಗುರುತಿಸುವಿಕೆ ಮತ್ತು ಪರಿಹಾರ’ ಎಂದಿತ್ತು. ಗುರುತಿಸುವುದು ಆಮೇಲೆ, ಪರಿಹಾರ ಮೊದಲೇ ರೆಡಿ. ಸಲೂನಿನವರಿಗೆ ಕೊಡಲು ಪತ್ರ ಟೈಪಾಗಿ ಬಂದಿತ್ತು. ಎರಡೂ ಬದಿ ಬೋಳಿಸಿ ನಡುವೆ ಮಾತ್ರ ಕೂದಲು ಬಿಡುವ ಕಟಿಂಗ್ ಇನ್ನು ಮಾಡಬಾರದು. ಮುಂದಿನ ಸಾಲಿನಲ್ಲಿದ್ದ ಭಟ್ಟರೊಬ್ಬರು ಮೆಲ್ಲ ತಲೆ ಸವರಿಕೊಂಡರು. ಅವರದ್ದೂ ಅದೇ ಕಟಿಂಗ್. ಜುಟ್ಟು ಎನ್ನುತ್ತೇವೆ, ಅಷ್ಟೇ. ಕೂಡಲೇ ‘ಶಾಸ್ತ್ರೋಕ್ತ ಜುಟ್ಟನ್ನು ಹೊರತುಪಡಿಸಿ’ ಎಂದು ಪೆನ್ನಿನಲ್ಲಿ ಸೇರಿಸಲಾಯಿತು.

ಆಮೇಲೆ ಭಾಷೆಯ ಪ್ರಶ್ನೆ ಎದ್ದಿತು. ಕಾಸರಗೋಡಿನಲ್ಲಿ ಇದು ಏಳದೆ ಯಾವ ಸಭೆಯೂ ಮುಗಿಯುವುದಿಲ್ಲ. ಬಣ್ಣ ಹಚ್ಚಿದ ಕೂದಲು, ಸೈಲೆನ್ಸರ್ ಬದಲಿಸಿದ ಬೈಕು ಇರುವವನಿಗೆ ಮಲಯಾಳದಲ್ಲಿ ‘ಫ್ರೀಕನ್’ ಎನ್ನುತ್ತಾರೆ. ಇಂಗ್ಲಿಷಿನ ಫ್ರೀಕ್‌ಗೆ ಮಲಯಾಳದ ಬಾಲ. ಸಂಘಟಕರು ತಂದ ನಮೂನೆಯಲ್ಲಿ ಆ ಪದವೇ ಇತ್ತು. ಕನ್ನಡದ ಪದ ಬೇಕು ಎಂದು ಹಿಂದಿನಿಂದ ಒಬ್ಬರು ಎದ್ದರು. ‘ಶೋಕಿಲಾಲ’ ಎಂದರು, ಹಿಂದಿ ವಾಸನೆ ಬಂತು. ‘ಪಡ್ಡೆ ಹುಡುಗ’ ಎಂದರು, ಅದು ಘಟ್ಟದ ಮೇಲಿನದ್ದಂತೆ. ‘ಪೋಲಿ’ ಎಂದರೆ ಬೈಕ್ ಬರುವುದಿಲ್ಲವಂತೆ. ಕೊನೆಗೆ ನಿವೃತ್ತ ಪಂಡಿತರು ‘ವಿಲಕ್ಷಣವೇಷಿ’ ಎಂದಾಗ ಜೋರು ಚಪ್ಪಾಳೆ. ಅದೇ ಹೊತ್ತಿಗೆ ಮೈಕ್ ಕಿರುಚಿತು. ಸರಿ ಮಾಡಲು ಕೆಳಗಿನಿಂದ ಓಡಿ ಬಂದವನೇ ಒಬ್ಬ ವಿಲಕ್ಷಣವೇಷಿ. ತಲೆ ಪೂರ್ತಿ ತಾಮ್ರದ ಬಣ್ಣ. ಏನೋ ತಿರುಗಿಸಿ, ‘ಹಲೋ ಚೆಕ್’ ಎಂದು ಇಳಿದು ಹೋದ. ಧನ್ಯವಾದ ಸಮರ್ಪಣೆಯಲ್ಲಿ ಅವನ ಹೆಸರು ಬರಲಿಲ್ಲ.

ಗಡಿಯ ತಲಪಾಡಿ ದಾಟಿ ಬಂದಿದ್ದ ಉಪನ್ಯಾಸಕರು ಮಾತ್ರ ಓದಿಕೊಂಡು ಬಂದಿದ್ದರು. 1964ರ ಈಸ್ಟರ್ ರಜೆಯಲ್ಲಿ ಇಂಗ್ಲೆಂಡಿನ ಕ್ಲಾಕ್ಟನ್ ಎಂಬ ಕಡಲತೀರದಲ್ಲಿ ಹುಡುಗರು ಗಲಾಟೆ ಮಾಡಿದರಂತೆ. ಮಳೆ, ಚಳಿ, ಮಾಡಲು ಬೇರೆ ಕೆಲಸವಿಲ್ಲ. ನೀಟಾಗಿ ಸೂಟು ಹಾಕಿ ಸ್ಕೂಟರ್ ಓಡಿಸುವವರು ಮಾಡ್ಸ್. ಚರ್ಮದ ಜಾಕೆಟ್ ಹಾಕಿ ಮೋಟಾರ್ ಬೈಕ್ ಓಡಿಸುವವರು ರಾಕರ್ಸ್. ಪತ್ರಿಕೆಗಳು ಯುದ್ಧವೇ ಆಯಿತು ಎಂಬಂತೆ ಬರೆದವು. ಸ್ಟ್ಯಾನ್ಲಿ ಕೋಹೆನ್ ಎಂಬ ಸಮಾಜಶಾಸ್ತ್ರಜ್ಞ ಆಮೇಲೆ ಲೆಕ್ಕ ನೋಡಿದರೆ, ಆದ ನಷ್ಟ 500 ಪೌಂಡ್ ಚಿಲ್ಲರೆ. ಹೆಸರಿಟ್ಟು ಬೊಬ್ಬೆ ಹಾಕಿದ ಮೇಲೆಯೇ ಎರಡು ಪಂಗಡ ಇನ್ನಷ್ಟು ಗಟ್ಟಿಯಾಯಿತು ಎಂಬುದು ಅವರ ವಾದ.

ಇದು ನಮಗೇ ಹೇಳಿದ್ದು ಎಂದು ಸಭೆಗೆ ಗೊತ್ತಾಗಲಿಲ್ಲ. ಒಬ್ಬರು ಕೇಳಿದ್ದು ಬೇರೆ.

“ಸ್ಕೂಟರ್ ಯಾವುದು, ಸರ್?”

“ವೆಸ್ಪಾ, ಲ್ಯಾಂಬ್ರೆಟಾ.”

“ಲ್ಯಾಂಬ್ರೆಟಾ ನಮ್ಮ ಭಾವನಲ್ಲಿ ಇತ್ತಲ್ಲ! ಅಡಿಕೆ ಗೋಣಿ ಅದರಲ್ಲೇ ತರುತ್ತಿದ್ದದ್ದು. ಹಾಗಾದರೆ ಭಾವನೂ ಮಾಡ್ಸಾ?”

ಉಪನ್ಯಾಸಕರು ನೀರು ಕುಡಿದರು. ‘ಭಾವ: ಪರಿಶೀಲನೆಯಲ್ಲಿ’ ಎಂದು ಕಾರ್ಯದರ್ಶಿ ಬರೆದುಕೊಂಡದ್ದನ್ನು ನಾನೇ ನೋಡಿದ್ದೇನೆ.

ನಮ್ಮ ಹುಡುಗರನ್ನು ಒಂದು ಡಬ್ಬಿಯಲ್ಲಿ ಹಾಕಿ ಮುಚ್ಚುವುದು ಅಷ್ಟು ಸುಲಭ ಅಲ್ಲ, ಮಾರಾಯ್ರೇ. ನನ್ನ ತಂಗಿಯ ಮಗ ಬೆಳಿಗ್ಗೆ ಮನೆಯಲ್ಲಿ ‘ಮಾಣಿ’. ಗದ್ದೆ ಬದಿಯಲ್ಲಿ ತುಳು ಮಾತಾಡುವ ದೋಸ್ತಿಗಳಿಗೆ ‘ಜವನೆ’. ಕಾಸರಗೋಡು ಬಸ್ಸು ಹತ್ತಿದ ಕೂಡಲೇ ಕಂಡಕ್ಟರನಿಗೆ ‘ಚೆಕ್ಕನ್’. ಸಂಜೆ ಕ್ಲಬ್ಬಿನಲ್ಲಿ ‘ಬ್ರೋ’. ರಾತ್ರಿ ಯಕ್ಷಗಾನದ ಆಟ ಇದ್ದರೆ ಚೌಕಿಯಲ್ಲಿ ಬಣ್ಣ ಹಚ್ಚಿ ಬಾಲಗೋಪಾಲ. ಅದೇ ಬಣ್ಣ ಕೂದಲಿಗೆ ತಾಗಿದರೆ ಉಪಸಂಸ್ಕೃತಿ.

ಹೀಗೆ ಅಳೆಸಿಕೊಳ್ಳುವುದು ನಮಗೆ ಹೊಸದೇನಲ್ಲ. 1956ರ ನವೆಂಬರ್ 1ರಂದು ಕಾಸರಗೋಡನ್ನು ಕೇರಳಕ್ಕೆ ಸೇರಿಸಿದರು. 1967ರಲ್ಲಿ ಮಹಾಜನ್ ಆಯೋಗ ಚಂದ್ರಗಿರಿ ಹೊಳೆಯ ಉತ್ತರ ಭಾಗ ಕರ್ನಾಟಕಕ್ಕೆ ಹೋಗಲಿ ಎಂದಿತು. ವರದಿಯೂ ಇದೆ, ಹೊಳೆಯೂ ಇದೆ. ನೀನು ಆಚೆಯವನೋ ಈಚೆಯವನೋ ಎಂದು ಕೇಳಿಸಿಕೊಂಡೇ ಮುದುಕರಾದ ನಾವು ಈಗ ಹುಡುಗರ ಕಿವಿಯ ಮೇಲೆ ಗಡಿಕಲ್ಲು ಹುಡುಕುತ್ತಿದ್ದೇವೆ.

ಸಭೆಯ ಮೊದಲೇ ಹುಡುಗರಿಗೆ ನಮೂನೆ ಹಂಚಿ ತುಂಬಿಸಿ ತಂದಿದ್ದರು. ಹೆಸರು, ಪ್ರಾಯ, ಉಪಸಂಸ್ಕೃತಿ. ಅಧ್ಯಕ್ಷರು ಕನ್ನಡಕ ಏರಿಸಿ ಓದತೊಡಗಿದರು. ಮೊದಲ ಹತ್ತು ಮಂದಿ ಆ ಜಾಗದಲ್ಲಿ ‘ಒಬಿಸಿ’ ಎಂದು ಬರೆದಿದ್ದರು. ತಪ್ಪು ಅವರದ್ದಲ್ಲ. ಹುಟ್ಟಿದಂದಿನಿಂದ ತುಂಬಿದ ಎಲ್ಲ ಅರ್ಜಿಯಲ್ಲೂ ಜಾತಿ ಆದ ಮೇಲೆ ಬರುವುದು ಉಪಜಾತಿ ತಾನೇ. ಒಬ್ಬ ‘ಹೊಂದಿಸಿಕೊಳ್ಳುತ್ತೇನೆ’ ಎಂದು ಬರೆದಿದ್ದ. ಇನ್ನೊಬ್ಬ ದುಬೈಯಲ್ಲಿರುವ ಅಣ್ಣನ ಫೋನ್ ನಂಬರ್ ಕೊಟ್ಟಿದ್ದ.

ಉಳಿದವರೆಲ್ಲ ಎರಡೇ ಉತ್ತರ. ಅರ್ಜೆಂಟೀನಾ. ಬ್ರೆಜಿಲ್.

ಫುಟ್‌ಬಾಲ್ ವಿಶ್ವಕಪ್ ಬಂದರೆ ನಮ್ಮ ಕಡೆ ತೆಂಗಿನ ಮರಕ್ಕಿಂತ ಫ್ಲೆಕ್ಸ್ ಎತ್ತರ. ಆದರೂ ಅಧ್ಯಕ್ಷರಿಗೆ ಸಿಟ್ಟು ಬಂತು. “ಇದೆಂಥ ಸಂಸ್ಕೃತಿ? ಅದರಲ್ಲೂ ಅರ್ಜೆಂಟೀನಾ! 86ರಲ್ಲಿ ಕೈಯಲ್ಲಿ ಹೊಡೆದು ಗೆದ್ದವರು!”

ಭಟ್ಟರು ಎದ್ದರು. ಜುಟ್ಟು ನಡುಗುತ್ತಿತ್ತು. “ಕೈಯ ಗೋಲು ಆದ ನಾಲ್ಕೇ ನಿಮಿಷಕ್ಕೆ ಮರಡೋನಾ ಅರ್ಧ ಟೀಮನ್ನು ದಾಟಿಸಿ ಹೊಡೆದ ಗೋಲು ನಿಮಗೆ ಕಾಣಲಿಲ್ವಾ?”

“ಪೆಲೆ ಮೂರು ಕಪ್ ಗೆದ್ದದ್ದು ನಿಮಗೆ ಕಾಣ್ತಾ?” ಇದು ಪಂಡಿತರು. ವಿಲಕ್ಷಣವೇಷಿ ಪದ ಕೊಟ್ಟವರು.

ಐದು ನಿಮಿಷದಲ್ಲಿ ಮಹಡಿ ಎರಡು ಪಾಲಾಯಿತು. ಲ್ಯಾಂಬ್ರೆಟಾದವರು ಬ್ರೆಜಿಲ್ ಕಡೆ ಕುರ್ಚಿ ಎಳೆದುಕೊಂಡು ಹೋದರು. ಸಜ್ಜಿಗೆ ಬಜಿಲ್ ತಣ್ಣಗಾಯಿತು. ಸಲೂನಿನ ಪತ್ರ ಚಾ ಲೋಟೆಯ ಅಡಿಯಲ್ಲಿ ಒದ್ದೆಯಾಗುತ್ತಿತ್ತು. ಉಪನ್ಯಾಸಕರು ಮಂಗಳೂರು ಬಸ್ಸಿನ ಸಮಯ ವಿಚಾರಿಸಿದರು.

ತಾಮ್ರದ ತಲೆಯವನು ಮೆಟ್ಟಿಲ ಬಳಿ ನಿಂತು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಒಳಗೆ ಬಂದು ಅಧ್ಯಕ್ಷರ ಹತ್ತಿರ ಮೆಲ್ಲ ಬಗ್ಗಿದ.

“ಮಾಷ್ಟ್ರೇ, ಒಮ್ಮೆ ಏಳ್ತೀರಾ? ಕುರ್ಚಿ ಪಿಕಪ್ಪಿಗೆ ಹಾಕ್ಲಿಕ್ಕುಂಟು.”